ಶಾಂತಯ್ಯ ಕಾಕಾನ ಸ್ಯಾಂಪಲ್

ಜೂನ್ 12, 2006. ಸಪ್ತಾಪುರ, ಧಾರವಾಡ

ಬೆಳಿಗ್ಗೆಯಿಂದ ಲ್ಯಾಬ್. ಕರುಳಿನ ಕ್ಯಾನ್ಸರ್ ರೋಗಿಗಳ ಸ್ಯಾಂಪಲ್ ಮೂವತ್ತೆಂಟಾದವು. ಬೊಜ್ಜು ಸುಮ್ಮನೆ ಕೂತಿರುವುದಿಲ್ಲ, ಹಾರ್ಮೋನ್ ತಯಾರಿಸುತ್ತದೆ. ಹೊಟ್ಟೆ ಬೆಳೆದಂತೆ ಜೀವಕೋಶಗಳನ್ನು ಬೆಳೆಯಲು ಹುರಿದುಂಬಿಸುವ ಲೆಪ್ಟಿನ್ ಏರುತ್ತದೆ, ಕಡಿವಾಣ ಹಾಕುವ ಅಡಿಪೊನೆಕ್ಟಿನ್ ಇಳಿಯುತ್ತದೆ. ಈ ಕ್ಯಾನ್ಸರಿಗೂ ಇದಕ್ಕೂ ನಂಟಿದೆಯೇ? ನನ್ನ ಪಿಎಚ್‌ಡಿ ಇಷ್ಟೇ. ಹೋಲಿಸಲು ರೋಗವಿಲ್ಲದ ದಪ್ಪ ಜನ ಬೇಕು. ಕಾಕಾನನ್ನು ಕೇಳಬೇಕು.

ಜೂನ್ 14

ಹುಬ್ಬಳ್ಳಿ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು ಅಪ್ಪನ ತಮ್ಮ ಶಾಂತಯ್ಯ ಕಾಕಾ. ಕಾಳಿನ ವ್ಯಾಪಾರಿ. ನೂರಾನಾಲ್ಕು ಕಿಲೋ. ಕೇಳಿದ್ದೇ ತಡ, ತೋಳು ಚಾಚಿದರು.

"ತಗೋ ಯವ್ವಾ. ಈ ಹೊಟ್ಟಿ ನಿನ್ನ ಅಭ್ಯಾಸಕ್ಕ ಬರತೈತಿ ಅಂದ್ರ ಛಲೋನ ಆತು."

ಮೊದಲು ಪ್ರಶ್ನೆಗಳು. ಸಕ್ಕರೆ ಕಾಯಿಲೆ? ಇಲ್ಲ. ಸಂಡಾಸದಲ್ಲಿ ರಕ್ತ?

ಅಡುಗೆಮನೆಯಲ್ಲಿದ್ದ ಹೆಂಡತಿಯತ್ತ ಒಮ್ಮೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಮೂರು ತಿಂಗಳಾತು. ಮೂಲವ್ಯಾಧಿ ಅಂತ ಬಿಟ್ಟೇನಿ. ನಿಮ್ಮ ಕಾಕುಗ ಹೇಳಬ್ಯಾಡ."

ಇದು ಕರುಳಿನ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು. ಸಿರಿಂಜ್ ವಾಪಸ್ ಡಬ್ಬಿಗೆ.

ಜೂನ್ 20

ಕರುಳಿನ ತಪಾಸಣೆ ಮಾಡಿಸಿ ಎಂದು ಆರು ದಿನ ವಾದ. "ಒಳಗ ಕ್ಯಾಮೆರಾ ಹಾಕ್ತಾರಂತ! ಮಾನ ಹೋಗತೈತಿ."

"ಮಾನ ಮನ್ಯಾಗ ಇರ್ಲಿ, ಕಾಕಾ. ನೀವು ದವಾಖಾನಿಗೆ ಬರ್ರಿ."

ಅವರಿಗೆ ಎದುರು ಮಾತಾಡಿದ್ದು ಇದೇ ಮೊದಲು. ವಾದ ಕೇಳಿಸಿಕೊಂಡಿದ್ದ ಕಾಕು ಶರಣವ್ವ ಆಗಲೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಜುಲೈ 3

ಗಡ್ಡೆ. ಕ್ಯಾನ್ಸರ್ ಹೌದು.

ನಾಳೆ ಆಪರೇಶನ್. ಕಾಕಾ ತಾವಾಗಿಯೇ ತೋಳು ಚಾಚಿದರು. "ಈಗರೆ ತಗೋ. ರೋಗಿಗಳ ಲೆಕ್ಕದಾಗ ಹಾಕ್ಕೋ."

ಟ್ಯೂಬ್ ಮೇಲೆ 39 ಎಂದು ಬರೆದೆ. ಇವತ್ತು ಇಷ್ಟೇ.

ಸೆಪ್ಟೆಂಬರ್ 9

ಹರಡಿರಲಿಲ್ಲ. ಹರಡಿರಲಿಲ್ಲ! ಕಾಕಾ ಮತ್ತೆ ಅಂಗಡಿಯಲ್ಲಿ. ಬಂದವರಿಗೆಲ್ಲ, "ನಮ್ಮ ಹುಡುಗಿ ಹಾರ್ಮೋನ್ ನೋಡಿ ಹಿಡದಾಳ." ಖರೇ ಅಲ್ಲ, ಹಾರ್ಮೋನ್ ಆಗಿನ್ನೂ ಅಳೆದೇ ಇರಲಿಲ್ಲ. ಎಷ್ಟು ತಿದ್ದಿದರೂ ಕೇಳುವುದಿಲ್ಲ. ಬೈದೆ. ಒಳಗೊಳಗೇ ಖುಷಿ.

ಡಿಸೆಂಬರ್ 16, ಸಂಜೆ

ಧಾರವಾಡದಲ್ಲೇ ಸೆಮಿನಾರ್. ಅಷ್ಟೇ ತೂಕದ ಆರೋಗ್ಯವಂತರಿಗಿಂತ ನಮ್ಮ ರೋಗಿಗಳಲ್ಲಿ ಅಡಿಪೊನೆಕ್ಟಿನ್ ಕಡಿಮೆ. ಇದೇ ಕಾರಣ ಎನ್ನಲಿಲ್ಲ. ನಂಟು ಕಾಣುತ್ತದೆ ಎಂದಷ್ಟೇ ಹೇಳಿದೆ.

ಹಿರಿಯ ಡಾಕ್ಟರೊಬ್ಬರು ಎದ್ದರು. "ನಮ್ಮ ಕಡಿ ಮಂದಿ ಸಂಡಾಸದಾಗ ರಕ್ತ ಬರತೈತೇನು ಅಂತ ಕೇಳಿದ್ರ ಖರೇ ಉತ್ತರ ಕೊಡತಾರೇನ್ರಿ? ನಾಚತಾರ."

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಕಾಕಾ! ನಾನು ಕರೆದಿರಲಿಲ್ಲ. ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆ.

"ನಾ ಕೊಟ್ಟೇನ್ರಿ, ಸಾಹೇಬ್ರ. ಆ ರೋಗಿಗಳೊಳಗ ನಾನೂ ಒಬ್ಬಾಂವ. ಕೇಳಿದಾಕಿ ನನ್ನ ಮಗಳು."

ಅಣ್ಣನ ಮಗಳು ಎನ್ನಲಿಲ್ಲ. ಅಷ್ಟು ಜನರ ಮುಂದೆ. ಮುಂದಿನ ಸ್ಲೈಡ್ ಹಾಕಬೇಕಿತ್ತು, ನಾನು ಮೈಕ್ ಕೆಳಗಿಟ್ಟು ಹಿಂದಿನ ಸಾಲಿನ ಕಡೆ ನಡೆದೆ.