ಹದಿನೆಂಟು ನಿಮಿಷದ ಗಿರಾಕಿ

ಮನೆಯಿಂದ, ಹದಿನಾರನೇ ತಾರೀಖು, ಗುರುವಾರ ಬೆಳಿಗ್ಗೆ

ನನ್ನ ಗುಬ್ಬೀ,

ಹೇಗಿದ್ದೀಯ? ಊಟದ ರುಚಿ ತಿಳಿಯುತ್ತಿದೆಯಾ? ಕೋಣೆಯೊಳಗೆ ಕೂರಬೇಕಾದ ದಿನಗಳು ಇನ್ನು ಎರಡೇ ತಾನೆ, ಅಡುಗೆಯನ್ನು ಅಳಿಯಂದಿರಿಗೆ ಬಿಟ್ಟು ಕಾಲು ಚಾಚಿ ಮಲಗು. ನಾನು ಗಟ್ಟಿಯಾಗಿದ್ದೇನೆ. ಸೋಮವಾರ ಫೋನಿನಲ್ಲಿ ಇಬ್ಬರೂ ಅತ್ತದ್ದೇ ಆಯಿತು, ಮಾತಾಡಲಿಲ್ಲ. ನಿನ್ನಪ್ಪನನ್ನು ಕೊನೆಯ ಸಲ ನೋಡಲು ನಿನ್ನನ್ನೂ ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ. ಈಗ ಬರೆಯುತ್ತಿರುವುದನ್ನು ಬಾಯಲ್ಲಿ ಹೇಳಲು ನನಗೆ ಧೈರ್ಯ ಸಾಲದು.

ನಿನ್ನೆ ಅವರ ಗಡಿಯಾರ ರಿಪೇರಿಯ ಮೇಜಿನ ಖಾನೆ ತೆಗೆದೆ. ಮುಳ್ಳು, ಸ್ಪ್ರಿಂಗುಗಳ ನಡುವೆ ಹನ್ನೊಂದು ಸಣ್ಣ ಪೊಟ್ಟಣ. ಒಳಗೆ ಗುಂಡಿಗಳು. ನೀಲಿ, ಬಿಳಿ, ಮಕ್ಕಳ ಅಂಗಿಗೆ ಹಾಕುವ ಬಾತುಕೋಳಿ ಗುಂಡಿ ಕೂಡ! ಜನ್ಮದಲ್ಲಿ ಸೂಜಿ ಹಿಡಿಯದ ಮನುಷ್ಯ. ಪೊಟ್ಟಣದ ಮೇಲೆ ನೀನು ಕೆಲಸ ಮಾಡುವ ಅಂಗಡಿಯ ಮೊಹರು, ಪಕ್ಕದಲ್ಲಿ ಅವರ ಪೆನ್ಸಿಲಿನ ತಾರೀಖು. ಎಲ್ಲವೂ ಬುಧವಾರಗಳು. ಆಸ್ಪತ್ರೆಯವರು ವಾಪಸು ಕೊಟ್ಟ ಫೋನಿನಲ್ಲಿ, ಎಲ್ಲರೂ ಹಾಕಿಕೊಳ್ಳಲೇಬೇಕೆಂದ ಆ ಸೋಂಕಿನ ಆ್ಯಪ್ ತೆರೆದು ನೋಡಿದೆ. ಹೆಸರಿಲ್ಲ, ಜಾಗವಿಲ್ಲ. ಕಡೆಯ ಬುಧವಾರ ಸಂಜೆ ನಾಲ್ಕಕ್ಕೆ ಯಾರದೋ ಫೋನಿನ ಹತ್ತಿರ ಹದಿನೆಂಟು ನಿಮಿಷ, ಅಷ್ಟೇ. ಆ ಯಾರೋ ನೀನು. ಸೋಂಕಿತರ ಹತ್ತಿರ ಇದ್ದಿರಿ ಎಂದು ನಿನಗೆ ಬಂದ ಸಂದೇಶ ನಿನ್ನಪ್ಪನಿಂದ ಬಂದದ್ದು.

ನೀನೇ ಹೇಳುತ್ತಿದ್ದೆಯಲ್ಲ, "ಒಬ್ಬ ಅಜ್ಜ ಬರ್ತಾನಮ್ಮ, ಮಾತೇ ಆಡಲ್ಲ, ಬೆರಳು ತೋರಿಸ್ತಾನೆ, ಒಂದು ಗುಂಡಿ ಆರಿಸೋಕೆ ಯುಗ ಮಾಡ್ತಾನೆ" ಎಂದು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಬಾಯಿ ಬಿಟ್ಟರೆ ದನಿಯ ಗುರುತು ಸಿಗುತ್ತದೆಂದು ಸುಮ್ಮನಿರುತ್ತಿದ್ದರು ಕಣೇ. ನೀನು ಮೆಚ್ಚಿದವನನ್ನು ಮದುವೆಯಾದ ದಿನ, ಇನ್ನು ಅವಳ ಮುಖ ನೋಡುವುದಿಲ್ಲ ಎಂದು ಆರು ವರ್ಷ ಹಟ ಸಾಧಿಸಿದವರು, ಊರಿಗೆಲ್ಲ ಮಾಸ್ಕು ಬಂದದ್ದೇ ತಡ, ಟೋಪಿ ಹಾಕಿಕೊಂಡು ಓಡಿ ಬಂದಿದ್ದಾರೆ. ಅರ್ಧ ಮುಖ ನೋಡಿದರೆ ಮಾತು ತಪ್ಪಿದಂತಲ್ಲ ಎಂದುಕೊಂಡರೋ ಏನೋ, ಕಳ್ಳ ಮನುಷ್ಯ. ಈ ಆರು ವರ್ಷದಲ್ಲಿ ಇಳಿದುಹೋಗಿದ್ದರು, ನಿನಗೆ ಗುರುತು ಸಿಗದ್ದು ನಿನ್ನ ತಪ್ಪಲ್ಲ. ನನಗೆ ಅವರ ಮೇಲೆಯೇ ಸಿಟ್ಟು. ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತೇ?

ಆಸ್ಪತ್ರೆಯಿಂದ ಫೋನಿನಲ್ಲಿ ದಿನಾ ಅವರದು ಒಂದೇ ಪ್ರಶ್ನೆ: "ನನ್ನಿಂದ ಯಾರ್ಯಾರಿಗೆ ಮೆಸೇಜ್ ಹೋಯ್ತು? ಅವರು ಚೆನ್ನಾಗಿದ್ದಾರಾ? ಕೇಳಿ ಹೇಳು." ಆರೋಗ್ಯ ಕಚೇರಿಯ ಹುಡುಗಿಯನ್ನು ಕೇಳಿದೆ. "ಹೆಸರು ನಮಗೂ ಗೊತ್ತಿರಲ್ಲಮ್ಮ, ಗೊತ್ತಿದ್ರೂ ಹೇಳೋ ಹಾಗಿಲ್ಲ" ಎಂದಳು. ಅವಳದ್ದು ನ್ಯಾಯವೇ. ಸೋಂಕು ಯಾರಿಂದ ಬಂತೆಂದು ಬೀದಿಗೆ ತಿಳಿದು, ಹಿಂದಿನ ಸಾಲಿನ ಟೈಲರ್ ಮನೆಯ ಕಿಟಕಿಗೆ ಕಲ್ಲು ಬಿದ್ದದ್ದು ನೆನಪಿದೆಯಲ್ಲ. ನಾನು ನಿನ್ನಪ್ಪನಿಗೇ ಗದರಿದೆ: "ಊರ ಉಸಾಬರಿ ನಿಮಗ್ಯಾಕೆ? ಸುಮ್ನೆ ಉಸಿರಾಡಿ." ಮರುದಿನ ಮತ್ತೆ ಅದೇ ಪ್ರಶ್ನೆ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಹೊತ್ತು ಹೊತ್ತಿಗೆ ಉಣ್ಣು, ನೂರು ಕಾಲ ತಣ್ಣಗಿರು.

ನಿನ್ನ ಅಮ್ಮ

ಮರೆತೆ ಎನ್ನಲಾರೆ, ಬರೆಯಲು ಕೈ ಬರಲಿಲ್ಲ. ನಿನಗೆ ಸೋಂಕಿಲ್ಲವೆಂದು ವರದಿ ಬಂದದ್ದು ಶನಿವಾರ, ಕೂಡಲೇ ನನಗೆ ಫೋನ್ ಮಾಡಿದ್ದೆ. ಅವರು ಹೋದದ್ದು ಸೋಮವಾರ. ಭಾನುವಾರವೂ ಅದನ್ನೇ ಕೇಳಿದರು, ಮೆಸೇಜ್ ಹೋದವರು ಚೆನ್ನಾಗಿದ್ದಾರಾ ಎಂದು. ಗುಬ್ಬಿಗೂ ಅಂಥದ್ದೇ ಸಂದೇಶ ಬಂದಿತ್ತು, ಏನೂ ಆಗಿಲ್ಲವಂತೆ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ನಿನ್ನ ಹೆಸರೆತ್ತಿದರೆ ಸಿಡುಕಿ ಕೆಮ್ಮು ಹೆಚ್ಚಾದೀತೆಂದು ನುಂಗಿಕೊಂಡೆ. ನೀನು ಚೆನ್ನಾಗಿದ್ದೀಯ ಎಂದು ಹೋಗುವಾಗ ಅವರಿಗೆ ಗೊತ್ತಿರಲಿಲ್ಲ ಮಗಳೇ. ನನಗೆ ಗೊತ್ತಿತ್ತು.