ಗಿಳಿಯ ಮುಂದೆ ಗಂಡನ ಹೆಸರು

ವಯಸ್ಕರ ಓದು ಅಳೆಯುವ ಮಾನ್ಯ ಅಧಿಕಾರಿಗಳೇ,

ತಾವು ಕಳಿಸಿದ ಟ್ಯಾಬ್, ಉಣಕಲ್ಲಿನ ನಮ್ಮ ಸಂಜೆ ತರಗತಿಯ ಫಕೀರವ್ವನಿಗೆ ‘ಅಕ್ಷರ ಪರಿಚಯವಿಲ್ಲ’ ಎಂದು ತೀರ್ಪು ಕೊಟ್ಟಿದೆ. ಆಕೆ ಮಾಡಿದ ಅಪರಾಧವೆಂದರೆ ತನ್ನ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳದೇ ಇದ್ದದ್ದು. ನನ್ನ ದೂರು ಇಷ್ಟೇ. ಉಳಿದದ್ದು ವಿವರ. ವಿವರವಿಲ್ಲದ ದೂರನ್ನು ತಮ್ಮ ಕಚೇರಿ ಓದುವುದಿಲ್ಲ, ವಿವರವಿದ್ದರೆ ಉದ್ದವಾಯಿತೆಂದು ಓದುವುದಿಲ್ಲ ಎಂದು ಬಲ್ಲವರು ಹೇಳಿದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಫಕೀರವ್ವ ಶಾಲೆಯೊಂದರ ಬಿಸಿಯೂಟದ ಅಡುಗೆಮನೆಯಲ್ಲಿ ಸಹಾಯಕಿ. ಅಲ್ಲಿನ ಮುಖ್ಯ ಅಡುಗೆಯವರು ಈ ತಿಂಗಳು ಕೆಲಸ ಬಿಡುತ್ತಾರೆ. ಆ ಜಾಗಕ್ಕೆ ಫಕೀರವ್ವನೇ ಸರಿ ಎಂದು ಆಕೆಯ ಸಾರು ಉಂಡವರೆಲ್ಲ ಒಪ್ಪಿದ್ದಾರೆ. ಆದರೆ ಮುಖ್ಯ ಅಡುಗೆಯವರಿಗೆ ಎಣ್ಣೆ ಡಬ್ಬದ ಮೇಲಿನ ತಾರೀಖು, ಗೋಡೆಯ ಮೇಲಿನ ಸೂಚನೆ ಓದಲು ಬರಬೇಕು. ಬರುತ್ತದೆ ಎಂದು ತಮ್ಮ ಟ್ಯಾಬ್ ತಿಂಗಳ ಕೊನೆಯೊಳಗೆ ಪ್ರಮಾಣಪತ್ರ ಕೊಡಬೇಕು. ನಿಯಮ ಒಳ್ಳೆಯದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆಕೆಗೆ ಓದಲು ಬರುತ್ತದೆ. ನಾನು ದಿನಪತ್ರಿಕೆ ಓದಿಯೇ ಬೆಳೆದವಳು, ಪಾಠಕ್ಕೂ ಅದನ್ನೇ ಒಯ್ಯುತ್ತೇನೆ. ಹೋದ ವಾರ ಫಕೀರವ್ವ ನಿಧನ ವಾರ್ತೆ ಓದುತ್ತ ಓದುತ್ತ, “ಅಯ್ಯ, ಇವ್ರು ನಮ್ಮ ಪೈಕಿಯವ್ರ ಅದಾರಲ್ರೀ!” ಎಂದು ಅರ್ಧಕ್ಕೇ ಎದ್ದು ಮಣ್ಣಿಗೆ ಹೋದಳು. ಓದಿದ್ದು ಅರ್ಥವಾಗಿದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಯಾವ ಟ್ಯಾಬಿನಲ್ಲಿದೆ?

ಪರೀಕ್ಷೆಯ ಸಂಜೆ ಟ್ಯಾಬಿನೊಳಗಿನ ಹಸಿರು ಗಿಳಿ ರೆಕ್ಕೆ ಬಡಿದು ಸ್ವಾಗತಿಸಿತು. ಪರದೆಯ ಮೇಲೆ ಪಾಠ ಮೂಡಿತು. ‘ಶಿದ್ದಪ್ಪ ಸೋಮಾರಿ. ಶಿದ್ದಪ್ಪ ಊಟಕ್ಕೆ ಮೊದಲು ಕೈ ತೊಳೆಯುವುದಿಲ್ಲ. ಶಿದ್ದಪ್ಪನಿಗೆ ಹೊಟ್ಟೆನೋವು ಬಂದಿತು.’ ಹೀಗೆ ಪುಟ ತುಂಬ ಶಿದ್ದಪ್ಪ. ಫಕೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಳು.

“ಯಾಕ ಫಕೀರವ್ವಾ, ಓದು.”

“ಅಕ್ಕೋರ, ಇದು ನಮ್ಮನಿಯವ್ರ ಹೆಸ್ರು ಐತ್ರಿ.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ಅವ್ರು ಕೈ ತೊಳ್ಕೊಳ್ಳೂದಿಲ್ಲಂತ ಬೆಂಗಳೂರಾಗ ಕುಂತಾವ್ರಿಗೆ ಯಾರ್ರೀ ಹೇಳಿದ್ರು?”

ಪಕ್ಕದಲ್ಲಿದ್ದ ಸಹಪಾಠಿ ರೆಹಮತ್‌ಬಿ, “ಇಡೀ ಓಣಿಗೆ ಗೊತ್ತೈತಿ, ಬೆಂಗಳೂರಿಗೆ ಗೊತ್ತಾಗೂದು ಏನ ದೊಡ್ಡದು ಬಿಡ” ಎಂದಳು.

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲವೆಂದು ನಾನು ವಿವರಿಸಿದೆ. “ಆಧಾರ ಬ್ಯಾಡ್ರಿ ಅಕ್ಕೋರ, ಗಂಡ ಇರ್ಲಿ” ಎಂದಳು ಫಕೀರವ್ವ. ಕೊನೆಗೆ ಧೈರ್ಯ ಮಾಡಿ, “ನಮ್ಮನಿಯವ್ರು ಸೋಮಾರಿ. ನಮ್ಮನಿಯವ್ರು ಊಟಕ್ಕೆ ಮೊದಲು...” ಎಂದು ಓದತೊಡಗಿದಳು. ಗಿಳಿ ತಪ್ಪು ಎಂದಿತು. ಹೆಸರು ಬಂದಲ್ಲಿ ಫಕೀರವ್ವ ನಿಲ್ಲುವುದು, ರೆಹಮತ್‌ಬಿ “ಶಿದ್ದಪ್ಪ!” ಎಂದು ಕೂಗುವುದು, ಫಕೀರವ್ವ ಮುಂದುವರಿಸುವುದು ಎಂಬ ಏರ್ಪಾಡಾಯಿತು. ‘ಇಬ್ಬರ ಧ್ವನಿ ಕೇಳಿಸಿದೆ. ನಕಲು ಮಾಡಬೇಡಿ’ ಎಂದಿತು ಗಿಳಿ.

“ನಾ ಹೇಳಿದ್ರ ನಕಲು, ಆಕಿ ಹೇಳ್ದಿದ್ರ ತಪ್ಪು” ಎಂದು ರೆಹಮತ್‌ಬಿ ಸಿಟ್ಟಿಗೆದ್ದಳು. “ಈ ಹಕ್ಕಿಗೆ ಇನ್ನೂ ಲಗ್ನ ಆಗಿಲ್ಲೇನ್ರಿ?”

ಮಾನ್ಯರೇ, ಆ ಪದ್ಧತಿ ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಇನ್ನೊಂದು ದಿನ ಮಾಡೋಣ. ತಾವು ಪರೀಕ್ಷಿಸುತ್ತಿರುವುದು ಆಕೆಯ ಓದನ್ನೋ, ದಾಂಪತ್ಯವನ್ನೋ? ಪುಟದ ತುಂಬ ಹರಡಿಕೊಂಡಿದ್ದ ಆ ಹೆಸರಿನ ಮುಂದೆ ಪ್ರತಿ ಸಲವೂ ಆಕೆ ಸರಿಯಾಗಿ ನಿಂತಳು. ಒಮ್ಮೆಯೂ ‘ಸೋಮಾರಿ’ಯ ಮುಂದೆ ನಿಲ್ಲಲಿಲ್ಲ, ‘ಹೊಟ್ಟೆನೋವಿ’ನ ಮುಂದೆ ನಿಲ್ಲಲಿಲ್ಲ. ಓದಲು ಬಾರದವಳಿಗೆ ಎಲ್ಲಿ ಬಾಯಿ ಮುಚ್ಚಬೇಕೆಂದು ತಿಳಿದದ್ದು ಹೇಗೆ? ಒಂದು ಹೆಸರನ್ನು ಹೇಳದೇ ಇರಬೇಕಾದರೆ ಮೊದಲು ಅದನ್ನು ಓದಬೇಕಲ್ಲವೆ? ಇಷ್ಟು ಸಣ್ಣ ವಿಷಯ ಗಿಳಿಗೆ ಹೊಳೆಯದಿದ್ದರೆ ಬೇಡ, ಅದು ಗಿಳಿ. ಅದನ್ನು ಸಾಕಿದವರಿಗಾದರೂ ಹೊಳೆಯಬೇಕಿತ್ತು.

ಮರುದಿನ ಸಾಕ್ಷಾತ್ ಶಿದ್ದಪ್ಪನವರೇ ತರಗತಿಗೆ ಬಂದರು. ಬಂದವರು ಮೊದಲು ಎರಡೂ ಕೈ ಚಾಚಿ ತೋರಿಸಿದರು. “ನೋಡ್ರಿ ಅಕ್ಕೋರ, ತೊಳ್ಕೊಂಡ ಬಂದೇನಿ. ಪಾಠದಾಗಿಂದ ಅದನ್ನ ತಗಸ್ರಿ.” ಹೆಂಡತಿಯ ಕೆಲಸಕ್ಕೆ ಅಡ್ಡಿಯಾಗಿದೆ ಎಂದು ತಿಳಿದು ಮೆತ್ತಗಾದರು. “ಓದ್ಲಿ ಬಿಡ್ರಿ, ನಾ ಬೇಕಾರ ಕೆರಿ ದಂಡಿಗೆ ಹೋಗಿ ನಿಂತಿರ್ತೇನಿ” ಎಂದರು.

“ನೀವು ಕೆರಿಗೆ ಹೋದ್ರ ಹೆಸ್ರೂ ಕೆರಿಗೆ ಹೊಕ್ಕೈತೇನ್ರಿ?” ಎಂದಳು ಫಕೀರವ್ವ.

ಆಗ ದಾರಿ ತೋರಿಸಿದವಳು ರೆಹಮತ್‌ಬಿ. “ಲಗ್ನದಾಗ, ಬಸರಿ ಕುಬಸದಾಗ ಒಡಪು ಹಾಕಿ ಹೆಸ್ರು ಹೇಳ್ತಿಯಲ್ಲ, ಹಂಗ ಹೇಳ.” ನಮ್ಮ ಕಡೆ ಗಂಡನ ಹೆಸರನ್ನು ಪ್ರಾಸ ಕಟ್ಟಿ, ಒಡಪಿನೊಳಗಿಟ್ಟು ಹೇಳಿದರೆ ದೋಷವಿಲ್ಲ. ಫಕೀರವ್ವನ ಮುಖ ಅರಳಿತು. ಟ್ಯಾಬನ್ನು ಎದುರಿಗಿಟ್ಟುಕೊಂಡು ಸೆರಗು ಸರಿಮಾಡಿಕೊಂಡಳು.

“ಉಣಕಲ್ ಕೆರಿ ದಂಡಿಮ್ಯಾಲ ಗಿರ್ಮಿಟ್ಟಿನ ಗಾಡಿ,
ಶಿದ್ದಪ್ಪನವ್ರ ಹೆಸ್ರ ಹೇಳ್ತೇನಿ, ನಾ ಅವ್ರ ಜೋಡಿ... ಸೋಮಾರಿ.”

ಎರಡನೆಯ ವಾಕ್ಯಕ್ಕೆ ಎರಡನೆಯ ಒಡಪು.

“ಎಣ್ಣಿಗಾಯಿ ಬದನಿಕಾಯಿಗೆ ತುಂಬೇನಿ ಮಸಾಲಿ ಖಾರ,
ಶಿದ್ದಪ್ಪನವ್ರು ಕೈ ತೊಳೀತಾರ, ಸುಳ್ಳು ಹೇಳಿದಾವ್ರು ಯಾರ?”

ತರಗತಿ ಚಪ್ಪಾಳೆ ತಟ್ಟಿತು. ಶಿದ್ದಪ್ಪನವರು ಕಣ್ಣೊರೆಸಿಕೊಂಡರು. ಗಿಳಿ ಮಾತ್ರ ತಲೆ ಕೆಳಗೆ ಹಾಕಿ, ‘ಪಠ್ಯದಲ್ಲಿ ಇಲ್ಲದ ಪದಗಳು ಬಹಳ. ಊಹಿಸಿ ಓದುತ್ತಿದ್ದೀರಿ. ಅಕ್ಷರ ಪರಿಚಯವಿಲ್ಲ. ಚಿಂತೆ ಬೇಡ, ಅ ಆ ಇ ಈಯಿಂದ ಮತ್ತೆ ಆರಂಭಿಸೋಣ!’ ಎಂದು ಒಂದು ಅಳಿಲಿನ ಚಿತ್ರ ತೋರಿಸಿತು.

ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ದುರ್ಗೇಶ ಎಂಬ ಬಹಳ ವಿನಯವಂತ ತರುಣ ಮಾತನಾಡಿದ.

“ಪಾಠದಾಗಿನ ಹೆಸರು ನಮ್ಮ ಕಡಿಂದ ಬದಲ ಆಗೂದಿಲ್ರಿ ಮೇಡಂ. ನಿಮ್ಮ ಕಡೆ ಏನರೆ ಬದಲ ಮಾಡಾಕ ಬರ್ತೈತೇನು ನೋಡ್ರಿ.”

“ನಮ್ಮ ಕಡೆ ಇರೂದು ಗಂಡ ಅಲ್ಲೇನಪಾ.”

“ಹಂಗಾರ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ” ಎಂದ. ಟ್ಯಾಬನ್ನೋ ಗಂಡನನ್ನೋ ಎಂದು ನಾನು ಕೇಳಲಿಲ್ಲ.

ಆದರೂ ಆತ ದೂರನ್ನು ಮೇಲಕ್ಕೆ ಕಳಿಸಿದ, ಅದಕ್ಕೆ ಕೃತಜ್ಞಳು. ತಾವೂ ಲಗೂನೆ ಆದೇಶ ಹೊರಡಿಸಿದಿರಿ. ನಮ್ಮ ಕೇಂದ್ರಕ್ಕೆ ಹೊಸ ಪಾಠ, ಹೊಸ ನಾಯಕ. ತರಬೇತಿಯ ದಿನ ನನ್ನ ಧ್ವನಿಯನ್ನು ತಾವು ಟ್ಯಾಬಿಗೆ ತುಂಬಿಸಿದ್ದೀರಷ್ಟೆ. ಆ ಧ್ವನಿಯಲ್ಲಿ ಶಿಕ್ಷಕಿಯೇ ಮೊದಲು ಹೊಸ ಪಾಠವನ್ನು ಓದಿ ತೋರಿಸಬೇಕು. ಅಲ್ಲಿಯವರೆಗೆ ಕಲಿಯುವವರ ಪುಟ ತೆರೆಯುವುದಿಲ್ಲ. ಅಡ್ಡಿಯಿಲ್ಲ ಎಂದುಕೊಂಡು ಟ್ಯಾಬ್ ತೆರೆದೆ. ಫಕೀರವ್ವ ಪಕ್ಕದಲ್ಲಿ ತಯಾರಾಗಿ ಕುಳಿತಿದ್ದಳು.

ಹೊಸ ನಾಯಕ ಬಹಳ ಛಲೋ ಮನುಷ್ಯ. ಕೈ ತೊಳೆಯುತ್ತಾನೆ, ಹಾಸಿಗೆ ಮಡಚುತ್ತಾನೆ, ಹೆಂಡತಿಗೆ ಚಹಾ ಮಾಡಿಕೊಡುತ್ತಾನೆ. ಆದ್ದರಿಂದ ಆತ ನಮ್ಮ ಮನೆಯವರಲ್ಲ ಎಂಬುದು ಖಚಿತ. ಆದರೆ ಹೆಸರು ಅವರದೇ.

ನಾನು ಪದವೀಧರೆ. ಬಾಯಿ ತೆರೆದೆ. ಗಿಳಿ ಕತ್ತು ಕೊಂಕಿಸಿ ಕಾಯಿತು. ಬಾಯಿ ಮುಚ್ಚಿದೆ.

“ಓದ್ರಿ ಅಕ್ಕೋರ” ಎಂದಳು ರೆಹಮತ್‌ಬಿ. “ಆಧಾರ ಇಲ್ಲಂತ ನೀವ ಹೇಳೀರಿ.”

“ಸುಮ್ಕಿರ ರೆಹಮತ್” ಎಂದಳು ಫಕೀರವ್ವ, ನನ್ನ ಮೇಲೆ ಅಪಾರ ಕನಿಕರದಿಂದ. “ಅಕ್ಕೋರಿಗೆ ಒಡಪು ಜೋಡಸಾಕ ಟೈಮ್ ಬೇಕು.”

ಅಂದಿನಿಂದ ಟ್ಯಾಬ್ ಮೇಜಿನ ಮೇಲಿದೆ. ಆಧಾರವಿಲ್ಲ ಎನ್ನುವ ನನ್ನ ಅಭಿಪ್ರಾಯ ಬದಲಾಗಿಲ್ಲ. ನಾಲಿಗೆಯೂ ಬದಲಾಗಿಲ್ಲ. ಪದವಿಯ ಪರೀಕ್ಷೆ ಪಾಸಾದ ನಾನು ತಮ್ಮ ಲೆಕ್ಕದಲ್ಲಿ ಈಗ ಅಕ್ಷರ ಪರಿಚಯವಿಲ್ಲದವಳು. ನನ್ನ ಮರ್ಯಾದೆ ಹೋದರೆ ಹೋಗಲಿ. ನನ್ನ ಬಾಯಿ ಮುಚ್ಚಿದ್ದರಿಂದ ಫಕೀರವ್ವನ ಸೌಟು ಕೈತಪ್ಪಬಾರದು.

ಆದ್ದರಿಂದ ನನ್ನ ಬೇಡಿಕೆ. ತಿಂಗಳು ಮುಗಿಯುವ ಮೊದಲು ಕಿವಿ ಇರುವ ಒಬ್ಬ ಮನುಷ್ಯನನ್ನು ಉಣಕಲ್ಲಿಗೆ ಕಳಿಸಿ. ಆತ ಬರುವಾಗ ಅಂದಿನ ದಿನಪತ್ರಿಕೆ ತರಲಿ, ಯಾವ ಪುಟವಾದರೂ ಸರಿ, ಫಕೀರವ್ವನ ಕೈಗೆ ಕೊಡಲಿ. ಓದಿದ್ದನ್ನು ಕೇಳಲಿ, ಸಾರು ಉಂಡು ಹೋಗಲಿ. ಅಂಥ ಮನುಷ್ಯ ಇಲಾಖೆಯಲ್ಲಿ ಸಿಗದಿದ್ದರೆ, ಗಿಳಿಯೇ ಬೇಕೆಂದಿದ್ದರೆ, ದಯವಿಟ್ಟು ಪಾಠದ ನಾಯಕನಿಗೆ ತಮ್ಮ ಹೆಸರನ್ನೇ ಇಡಿ. ಆತ ಸೋಮಾರಿಯಾಗಿರಲಿ, ಕೈ ತೊಳೆಯದಿರಲಿ, ಹೊಟ್ಟೆನೋವಿನಿಂದ ಹೊರಳಾಡಲಿ. ನಾವೆಲ್ಲರೂ ಗಟ್ಟಿ ದನಿಯಲ್ಲಿ, ಒಂದಕ್ಷರ ಬಿಡದೆ ಓದುತ್ತೇವೆ. ವಿಚಾರಿಸಿ ನೋಡಿದ್ದೇನೆ, ನಮ್ಮ ಕೇಂದ್ರದಲ್ಲಿ ಯಾರೂ ತಮ್ಮನ್ನು ಮದುವೆಯಾಗಿಲ್ಲ.

ಇಂತಿ, ಇನ್ನೂ ಪ್ರಾಸ ಸಿಗದ,
ದಾಕ್ಷಾಯಿಣಿ
ಸಂಜೆ ತರಗತಿಯ ಶಿಕ್ಷಕಿ, ಉಣಕಲ್
(ಪತಿಯ ಹೆಸರಿಗೆ ತಮ್ಮದೇ ಹೊಸ ಪಾಠದ ಮೊದಲ ಸಾಲು ನೋಡುವುದು)