ತರಕಾರಿ ಗಾಡಿಯ ಮುಂದೆ ನಿಂತಿದ್ದವಳು ಯಾರು?

ಅಪ್ಪ,

ಹೋದ ತಿಂಗಳು ಒಂದು ಬೆಳಿಗ್ಗೆ ಅಮ್ಮ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯ ಮುಂದೆ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಕಾಲನ್ನು ಗಾಡಿಯ ಚಕ್ರದ ಮೇಲಿಟ್ಟು, "ಏನ್ ಗುರೂ, ಬೀನ್ಸಿಗೇನು ಚಿನ್ನದ ನೀರು ಹಾಕಿದೀಯಾ? ರೇಟ್ ಇಳಿಸ್ತೀಯೋ, ಗಾಡಿ ಉರುಳಿಸ್ಲೋ?" ಎಂದು ಗಂಡಸಿನ ದನಿಯಲ್ಲಿ ಗದರಿದಳು. ವಿಜಯನಗರದ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೊರಟು ಸ್ಕೂಟಿಗೆ ಕೀ ಹಾಕುತ್ತಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಗಾಡಿಯವನು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಅಮ್ಮನೊಳಗೆ ಇರುವವರು ಮೂವರು. ಮೂವರನ್ನೂ ನೀನು ಬಲ್ಲೆ, ನಾನೂ ಬಲ್ಲೆ. ಇವನ್ಯಾರು ನಾಲ್ಕನೆಯವನು?

ಆಮೇಲೆ ಹೊಳೆಯಿತು, ಇವನನ್ನು ನಾನು ನೋಡಿದ್ದೇನೆ. ಟೀವಿಯಲ್ಲಿ.

ನೀನು ಹೋದ ಮೇಲೆ, ನಾನೂ ನನ್ನ ಗಂಡನೂ ಅಮ್ಮನ ಜೊತೆ ಇರಲು ಬಂದಾಗ ಶುರುವಾದ ಧಾರಾವಾಹಿ ಅದು. ಒಬ್ಬ ತಾಯಿ, ಅವಳೊಳಗೆ ಒಬ್ಬ ರೌಡಿ, ಒಬ್ಬಳು ಸಂಗೀತದ ಟೀಚರ್, ಒಬ್ಬಳು ಕಾಲೇಜು ಹುಡುಗಿ. ಯಾರು ಯಾವಾಗ ಬರುತ್ತಾರೋ ತಿಳಿಯದೆ ಮನೆಯವರೆಲ್ಲ ಪಡುವ ಪೇಚಾಟವೇ ಕಥೆ. ಅರ್ಧ ಗಂಟೆ ನಗಿಸುತ್ತಾರೆ, ಕೊನೆಗೊಂದಿಷ್ಟು ಅಳಿಸುತ್ತಾರೆ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಅದನ್ನು ನೋಡದ ಮನೆಯಿಲ್ಲ. ಮೊದಲ ದಿನ ನಾನು ರಿಮೋಟಿಗೆ ಕೈ ಹಾಕಿದರೆ ಅಮ್ಮ ಕಿತ್ತುಕೊಂಡಳು. "ಇರ್ಲಿ ಬಿಡೇ, ಚೆನ್ನಾಗಿದೆ." ಅವತ್ತಿನಿಂದ ಅವಳು ಧಾರಾವಾಹಿ ನೋಡುತ್ತಾಳೆ, ನಾನು ಅವಳ ಮುಖ ನೋಡುತ್ತೇನೆ. ಆ ಮನೆಯಲ್ಲಿ ತಾಯಿ ಬದಲಾದಾಗಲೆಲ್ಲ ಸಂಗೀತ ಬದಲಾಗುತ್ತದೆ. ನಮ್ಮ ಮನೆಯಲ್ಲಿ ಯಾವ ಸಂಗೀತವಿತ್ತು, ಅಪ್ಪ?

ನೀನು ಸಿಟಿ ಬಸ್ಸಿನ ಕಂಡಕ್ಟರ್ ಡ್ಯೂಟಿ ಮುಗಿಸಿ ಬಂದವನು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಅವಳ ಕಣ್ಣು ನೋಡುತ್ತಿದ್ದೆ. ಅಮ್ಮನೇ ಆಗಿದ್ದರೆ "ಸುಶೀಲಾ, ಕಾಫಿ" ಅನ್ನುತ್ತಿದ್ದೆ. ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿದು ಕೂತಿದ್ದರೆ "ರತ್ನ ಅವರೇ, ನಿಮ್ಮದು ಊಟ ಆಯ್ತಾ?" ಸ್ವಂತ ಹೆಂಡತಿಗೆ ಬಹುವಚನ! ಮನೆಗೆ ಜನ ಬರಲಿ, ಆಸ್ಪತ್ರೆಗೆ ಹೋಗಬೇಕಾಗಲಿ, ಗಟ್ಟಿಯಾಗಿ ನಿಲ್ಲುತ್ತಿದ್ದವಳು ಆ ರತ್ನ. ಅಪರೂಪಕ್ಕೆ ಮಂಚದ ಮೂಲೆಯಲ್ಲಿ ಮುದುಡಿ ಕೂತಿರುತ್ತಿದ್ದವಳು ಪುಟ್ಟಿ, ಎಂಟು ವರ್ಷದವಳು. ಅವಳಿಗೆ ನೀನು ಗಂಡನಲ್ಲ, ಬಸ್ ಮಾಮ. ನೆಂಟರೆಲ್ಲ ಗಾಳಿ ಸೋಕಿದೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಎನ್ನುತ್ತಿದ್ದಾಗ ಡಾಕ್ಟರು ಬಿಡಿಸಿ ಹೇಳಿದರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ತವರಿನಲ್ಲಿ ಅನುಭವಿಸಿದ್ದನ್ನು ಒಂದೇ ಮನಸ್ಸು ಹೊರಲಾರದೆ ಹಂಚಿಕೊಂಡಿದೆ, ಒಬ್ಬಳು ಮಾಡಿದ್ದು ಇನ್ನೊಬ್ಬಳಿಗೆ ನೆನಪಿರುವುದಿಲ್ಲ ಎಂದರು. ನೀನು ಕೇಳಿದ್ದು ಒಂದೇ ಪ್ರಶ್ನೆ. "ಮೂರು ಜನಕ್ಕೂ ಊಟ ಸೇರ್ತಾ ಇದೆಯಲ್ಲ, ಡಾಕ್ಟ್ರೇ?"

ಆದರೆ ನನಗೆ ಅನುಮಾನ ಇತ್ತು. ಪಿಯುಸಿಯಲ್ಲಿದ್ದಾಗ ನಿನ್ನ ಹತ್ತಿರ ಬಾಯಿಬಿಟ್ಟು ಕೇಳಿಯೂ ಇದ್ದೆ. "ಅಪ್ಪ, ಅಮ್ಮ ನಾಟಕ ಮಾಡ್ತಾಳೆ ಅಲ್ವಾ?" ನೀನು ಬೈಯುತ್ತೀಯ ಅಂದುಕೊಂಡಿದ್ದೆ. ಯೂನಿಫಾರ್ಮಿನ ಗುಂಡಿ ಹಾಕುತ್ತಾ, "ನಾಟಕ ಆದ್ರೂ, ಇಷ್ಟು ವರ್ಷ ಮಾಡ್ಬೇಕು ಅಂದ್ರೆ ಏನೋ ಕಷ್ಟ ಇರ್ಬೇಕು ಬಿಡು" ಅಂದೆ. ಅದು ಉತ್ತರವೇ? ನಿನಗೂ ಒಳಗೊಳಗೆ ಅನುಮಾನ ಇತ್ತೇ? ಈಗ ಯಾರನ್ನು ಕೇಳಲಿ...

ಗಾಡಿಯ ಪ್ರಸಂಗಕ್ಕೆ ಸ್ವಲ್ಪ ಮೊದಲು ಮೇಲಿನ ಪೋರ್ಶನ್ನಿನ ಶಾಂತಾ ಮೆಟ್ಟಿಲ ಮೇಲೆ ಸಿಕ್ಕಿದ್ದಳು. ಕೊಪ್ಪಳದ ಕಡೆಯ ಹುಡುಗಿ, ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಸಂಜೆ ಅಮ್ಮನ ಜೊತೆ ಕೂತು ಧಾರಾವಾಹಿ ನೋಡುತ್ತಾಳೆ. "ಅಕ್ಕಾರ, ನಿಮ್ಮ ಅವ್ವಾರು ಭಾರಿ ಆ್ಯಕ್ಟಿಂಗ್ ಮಾಡ್ತಾರ ನೋಡ್ರಿ! ನಕ್ಕು ನಕ್ಕು ನನಗ ಹೊಟ್ಟಿ ನೋವು ಬಂತು" ಅಂದಳು. ಆ್ಯಕ್ಟಿಂಗ್. ಆ ಒಂದು ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ನಾನಿಲ್ಲದಾಗ ಇವರಿಬ್ಬರೂ ಏನು ಮಾಡುತ್ತಾರೆ? ಶಾಂತಾ ಬೇಕೆಂದೇ ಅಮ್ಮನನ್ನು ಆಡಿಸಿ ನಗುತ್ತಾಳೆಯೇ? ಇಲ್ಲ ಅಮ್ಮನೇ ನಮ್ಮೆಲ್ಲರನ್ನೂ ಆಡಿಸುತ್ತಾ ಬಂದಿದ್ದಾಳೆಯೇ?

ಅದರ ಮೇಲೆ ಗಾಡಿಯ ರೌಡಿ ಬಂದ ಮೇಲಂತೂ ನಾನು ಪರೀಕ್ಷೆಗೇ ಇಳಿದೆ. ರತ್ನ ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ, ಅಮ್ಮನಿಗೆ ಎರಡು ಚಮಚ ಬೇಕೇ ಬೇಕು. ಅಮ್ಮ ಅಮ್ಮನಾಗಿಯೇ ಇದ್ದಾಳೆ ಅನ್ನಿಸಿದ ಹೊತ್ತಿನಲ್ಲಿ ಸಕ್ಕರೆಯಿಲ್ಲದ ಕಾಫಿ ಕೊಟ್ಟೆ. ಒಂದು ಮಾತಾಡದೆ ಕುಡಿದು ಲೋಟ ಇಟ್ಟಳು. ನೋಡಿದೆಯಾ, ಸಕ್ಕರೆಯ ವ್ಯತ್ಯಾಸವೂ ನಾಟಕವೇ, ಸಿಕ್ಕಿಬಿದ್ದಳು ಅಂದುಕೊಂಡೆ. ನನ್ನ ಗಂಡನಿಗೆ ಹೇಳಿದರೆ, "ನೀನು ಮರೆತಿರ್ತೀಯ ಅಂತ ಪಾಪ ಸುಮ್ನಾಗಿರ್ತಾರೆ. ನೀನೊಳ್ಳೆ ಸಿಐಡಿ ಆಗ್ಬಿಟ್ಟೆ" ಎಂದು ಮಗ್ಗುಲು ತಿರುಗಿದ. ಅವನೂ ಅವಳ ಪರವೇ.

ಒಂದು ಭಾನುವಾರ ಮಧ್ಯಾಹ್ನ ಅಮ್ಮ, ನಾನು ಇಬ್ಬರೂ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ನಾನು ತಡೆಯಲಾರದೆ ಕೇಳಿದೆ.

"ಅವತ್ತು ಗಾಡಿ ಹತ್ರ ಯಾರು ಬಂದಿದ್ದು?"

ಅಮ್ಮ ತಲೆ ಎತ್ತಿದಳು. "ಯಾರು ಬಂದಿದ್ದು ಅಂದ್ರೆ?"

"ಸೆರಗು ಕಟ್ಟಿ ಗುರೂ ಅಂದ್ಯಲ್ಲ. ಅದ್ಯಾರು?"

"ನಾನೇ ಕಣೇ! ನಾನು, ಸುಶೀಲಾ. ಆ ಗಾಡಿಯೋನೂ ಅದೇ ಸೀರಿಯಲ್ ನೋಡ್ತಾನೆ. ತಮಾಷೆ ಮಾಡ್ದೆ. ಶಾಂತಾ ಮುಂದೆನೂ ಮಾಡಿ ತೋರಿಸ್ತೀನಿ." ಅವಳು ನಗುತ್ತಿದ್ದವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ಯಾಕೆ, ನಾನು ತಮಾಷೆ ಮಾಡ್ಬಾರ್ದಾ? ನಾನು ನಕ್ರೆ ಯಾರು ನಕ್ಕಿದ್ದು ಅಂತ ನೋಡ್ತೀರ. ಸಿಟ್ಟು ಬಂದ್ರೆ ಯಾರಿಗೆ ಬಂತು ಅಂತ ನೋಡ್ತೀರ. ಮೊನ್ನೆ ಸಕ್ಕರೆ ಇಲ್ದಿರೋ ಕಾಫಿ ಕೊಟ್ಟೆ. ನಂಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ? ಏನು ಹೇಳಿದ್ರೂ ತಪ್ಪಾಗತ್ತೆ ಅಂತ ಕುಡಿದೆ."

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಅನುಮಾನ ಅನ್ನುವುದು ಸುಮ್ಮನಿರುವ ಜಾತಿಯಲ್ಲ. "ಹಾಗಾದ್ರೆ ಮಿಕ್ಕಿದ್ದೂ ತಮಾಷೆನೇನಾ?" ಅಂದುಬಿಟ್ಟೆ.

ಅಮ್ಮ ಇನ್ನೊಂದು ಕಾಯಿ ಸುಲಿದು ಕಾಳನ್ನು ಬಟ್ಟಲಿಗೆ ಹಾಕಿದಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು. "ತಮಾಷೆ ಆಗಿದ್ರೆ ನಿನ್ನ ಮದುವೆ ನಂಗೆ ನೆನಪಿರ್ತಿತ್ತು."

"ಏನಂದೆ?"

"ನಿನ್ನ ಧಾರೆ ನಾನು ನೋಡಿಲ್ಲ ಕಣೇ. ಹಿಂದಿನ ದಿನ ಛತ್ರದ ಬಾಗಿಲಲ್ಲಿ ನಮ್ಮ ಚಿಕ್ಕಪ್ಪ ಕಾರಿಂದ ಇಳಿದಿದ್ದು ನೆನಪಿದೆ. ಅದಾದ್ಮೇಲೆ ಮನೇಲಿ ಪಾತ್ರೆ ಒರೆಸ್ತಾ ಇದ್ದೆ. ನೀನು ಗಂಡನ ಮನೆಗೆ ಹೋಗಾಗಿತ್ತು. ಫೋಟೋದಲ್ಲಿ ನಿನ್ನ ಪಕ್ಕ ನಿಂತಿರೋಳು ಅವಳು, ರತ್ನ. ನಿಮ್ಮಪ್ಪಂಗೂ ಹೇಳ್ಲಿಲ್ಲ. ಎಲ್ಲಾ ಚೆನ್ನಾಗಾಯ್ತು ಅಲ್ವೇನ್ರಿ ಅಂತ ನಾನೂ ಅಂದೆ."

ಇದು ನಿನಗೆ ಗೊತ್ತಿತ್ತೇ, ಅಪ್ಪ? ತವರಿನಲ್ಲಿ ಅವಳ ಬಾಲ್ಯ ಹಾಳುಮಾಡಿದ ಆ ಚಿಕ್ಕಪ್ಪನನ್ನು ಕರೆಯುವುದು ಬೇಡ ಎಂದು ನೀನು ಹಟ ಹಿಡಿದಿದ್ದೆ, ನೆಂಟರು ಏನೆಂದುಕೊಳ್ಳುತ್ತಾರೆ ಎಂದು ಅಜ್ಜಿ ಕರೆಸಿದರು. ಆ ಮದುವೆಯಲ್ಲಿ ಅಮ್ಮನ ಕಣ್ಣಲ್ಲಿ ಒಂದು ಹನಿ ಬರಲಿಲ್ಲವೆಂದು ನಾನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಳಬೇಕಾದವಳು ಅಲ್ಲಿರಲೇ ಇಲ್ಲ. ಇಂಥದ್ದನ್ನು ಯಾರು ನಟಿಸುತ್ತಾರೆ? ಯಾವ ಲಾಭಕ್ಕೆ?

ಅವತ್ತು ಸಂಜೆ ಧಾರಾವಾಹಿ ಹಾಕಲಿಲ್ಲ. ಮದುವೆಯ ವಿಡಿಯೋ ಹಾಕಿದೆ. ಆರ್‌ಪಿಸಿ ಲೇಔಟಿನ ಆ ಛತ್ರ, ಸೆಕೆ, ಜರಿ ಚುಚ್ಚುತ್ತಿದ್ದ ನನ್ನ ಸೀರೆ, ಪುರೋಹಿತರಿಗೆ ನಡುನಡುವೆ ಬರುತ್ತಿದ್ದ ಫೋನು, ಎಲ್ಲವನ್ನೂ ಅವಳಿಗೆ ಹೇಳುತ್ತಾ ಹೋದೆ. "ಆಮೇಲೆ? ಆಮೇಲೇನಾಯ್ತು?" ಎಂದು ಮೊದಲ ಸಲ ಕೇಳುವವಳಂತೆ ಕೇಳಿದಳು. ಮೊದಲ ಸಲವೇ ಅಲ್ಲವೇ? ಧಾರೆಯ ಹೊತ್ತಿಗೆ ನೀನು ಬಂದೆ. ಪಂಚೆ ಜಾರುತ್ತದೆಂದು ಮೇಲೆ ಬೆಲ್ಟ್ ಕಟ್ಟಿದ್ದೆಯಲ್ಲ, ಹಾಗೇ.

ಪಕ್ಕದಲ್ಲಿ ಸೋಫಾದ ಮೇಲೆ ಕಾಲು ಮಡಚಿದ ಸದ್ದಾಯಿತು. "ಬಸ್ ಮಾಮ!"

ನೀನು ಹೋದದ್ದು ಅಮ್ಮನಿಗೆ ಗೊತ್ತು. ರತ್ನನಿಗೂ ಗೊತ್ತು, ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ತಂದವಳೇ ಅವಳು. ಪುಟ್ಟಿಗೆ ಮಾತ್ರ ಹೇಳಿರಲಿಲ್ಲ. ಕೇಳಿದಾಗಲೆಲ್ಲ ಮಾಮ ಡ್ಯೂಟಿಗೆ ಹೋಗಿದಾರೆ ಅನ್ನುತ್ತಿದ್ದೆವು. ಅವತ್ತೂ ಅದೇ ಬಾಯಿಗೆ ಬಂತು. ಅವಳು ನನ್ನನ್ನು ಓರೆಗಣ್ಣಿನಲ್ಲಿ ನೋಡಿದಳು.

"ಅಕ್ಕ, ನೀನು ಸುಳ್ಳು ಹೇಳ್ತೀಯ ಅಂತ ನಂಗೆ ಅವತ್ತಿಂದ ಅನುಮಾನ."

ಅನುಮಾನ ನನ್ನೊಬ್ಬಳ ಸ್ವತ್ತು ಅಂದುಕೊಂಡಿದ್ದೆ, ಅಪ್ಪ. ಟೀವಿ ಆರಿಸಿ ಅವಳ ಎದುರು ನೆಲದ ಮೇಲೆ ಕೂತೆ. ನೀನು ಹಾಗೆಯೇ ಕೂರುತ್ತಿದ್ದೆ. "ಮಾಮ ಸತ್ತೋದ್ರು, ಪುಟ್ಟಿ" ಅಂದೆ.

"ಯಾರಾದ್ರೂ ಹೊಡೆದ್ರಾ?"

"ಇಲ್ಲ. ಎದೆ ನೋವು ಬಂತು. ಯಾರೂ ಹೊಡೀಲಿಲ್ಲ."

"ನಾನು ಮಾತಾಡಿಸ್ಲಿಲ್ಲ ಅಂತ ಕೋಪ ಮಾಡ್ಕೊಂಡು ಹೋದ್ರಾ?"

"ಇಲ್ಲ ಮರಿ. ನಿನ್ನ ಮೇಲೆ ಕೋಪಾನೇ ಇರ್ಲಿಲ್ಲ."

ಅವಳು ನನ್ನ ಮುಖವನ್ನು ಹುಡುಕಿ ಹುಡುಕಿ ನೋಡಿದಳು, ನಾನು ಇಷ್ಟು ದಿನ ಅವಳ ಮುಖ ನೋಡುತ್ತಿದ್ದ ಹಾಗೆ. ನಂಬಿಕೆ ಬಂದ ಮೇಲೆ ಅತ್ತಳು. ಅರವತ್ತು ದಾಟಿದ ದೇಹ, ಎಂಟು ವರ್ಷದ ಅಳು. ಬಿಕ್ಕಿ ಬಿಕ್ಕಿ ನನ್ನ ತೊಡೆಯ ಮೇಲೆಯೇ ನಿದ್ದೆ ಹೋದಳು.

ಬೆಳಿಗ್ಗೆ ಅಮ್ಮ ಕನ್ನಡಿಯ ಮುಂದೆ ನಿಂತಿದ್ದಳು. "ಕಣ್ಣು ಊದಿದೆ. ಅತ್ನಾ ನಾನು?" ಮೊದಲಾಗಿದ್ದರೆ ಏನಾದರೊಂದು ನೆಪ ಹೇಳುತ್ತಿದ್ದೆ. ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವಳು ಮಂಚದ ಮೇಲೆ ಕೂತಳು. "ಸದ್ಯ. ಆ ಮಗುಗೆ ಯಾರು ಹೇಳ್ತಾರೋ ಅಂತ ನಂಗೆ ಅದೇ ಯೋಚನೆ ಆಗಿತ್ತು" ಅಂದಳು. ಆಮೇಲೆ, "ನಿನ್ನ ಮದುವೆ ಕ್ಯಾಸೆಟ್ ಪೂರ್ತಿ ಆಗ್ಲಿಲ್ಲ ಅಲ್ವಾ?" ಎಂದಳು. ಉಳಿದದ್ದನ್ನು ಇನ್ನೊಂದು ದಿನ ನೋಡಿದೆವು. ನನ್ನನ್ನು ಕಳಿಸಿಕೊಡುವ ಹೊತ್ತಿಗೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಇಷ್ಟು ವರ್ಷ ತಡವಾಗಿ ನಾನು ಗಂಡನ ಮನೆಗೆ ಹೋದೆ, ಅಪ್ಪ.

ಅನುಮಾನ ಪೂರ್ತಿ ಹೋಯಿತೆಂದು ನಿನಗೆ ಸುಳ್ಳು ಹೇಳುವುದಿಲ್ಲ. ಈಗಲೂ ಅಡುಗೆಮನೆಯಲ್ಲಿ ಜೋರು ನಗು ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಆದರೆ ಪರೀಕ್ಷೆ ಮಾಡುವುದಿಲ್ಲ. ಯಾರು ಅಂತ ತಿಳಿಯಬೇಕಾದರೆ ಎದುರಿಗೆ ನಿಂತು ಕೇಳುತ್ತೇನೆ, ಇದು ನಿನಗೆ ಕೊಡುವ ಮಾತು.

ಇಷ್ಟು ಬರೆಯುವಾಗ ಬೆನ್ನ ಹಿಂದೆ ಬಂದು ನಿಂತವಳು, ಯಾರಿಗೆ ಬರೆಯುತ್ತಿದ್ದೀಯ ಎಂದು ಕೇಳಿದಳು. ಅಪ್ಪನಿಗೆ ಎಂದೆ.

"ನಾವೆಲ್ಲಾ ಕ್ಷೇಮ ಅಂತ ಬರಿ" ಅಂದಳು.

ದನಿ ಯಾರದ್ದೆಂದು ನಾನು ತಿರುಗಿ ನೋಡಲಿಲ್ಲ. ಅವರೆಲ್ಲಾ ಕ್ಷೇಮ, ಅಪ್ಪ.